ಕಾರಿನ ಇಸಿಯು ಲಾಗ್ ನಡುನಡುವೆ ಕಟ್ ಆಗ್ತಿದ್ರೆ ಮೊದ್ಲು ಏನು ನೋಡ್ಬೇಕು?

ಪ್ರಶ್ನೆ (ಚಿತ್ರದುರ್ಗದಿಂದ): ನಮ್ದು 2014ರ ಡೀಸೆಲ್ ಕಾರು, ಬಿಎಸ್4. ಕೆಲ್ಸಕ್ಕೆ ದಿನಾ ದಾವಣಗೆರೆಗೆ ಓಡಾಡ್ತೀನಿ. ಹೈವೇಲಿ ಲಾರಿ ಓವರ್‌ಟೇಕ್ ಮಾಡೋಕೆ ಆಕ್ಸಿಲರೇಟರ್ ಒತ್ತಿದಾಗ ಒಂದೆರಡು ಸೆಕೆಂಡ್ ಪಿಕಪ್ ಬಿದ್ದೋಗಿ ಆಮೇಲೆ ಸರಿ ಹೋಗುತ್ತೆ. ಚೆಕ್ ಎಂಜಿನ್ ಲೈಟ್ ಬರಲ್ಲ, ಕೋಡೂ ಇಲ್ಲ. ಮೆಕ್ಯಾನಿಕ್ಕು ಓಡಿಸ್ತಾ ಲಾಗ್, ಅಂದ್ರೆ ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ಕೊಡೋ ರೀಡಿಂಗ್‌ಗಳ ದಾಖಲೆ, ತಗೊಂಡು ಬನ್ನಿ ಅಂದ್ರು. ಕಾರಿನ ಓಬಿಡಿ ಸಾಕೆಟ್ಟಿಗೆ (ಇಸಿಯು ರೀಡಿಂಗ್ ತೆಗೆಯೋ ಸಾಕೆಟ್) ಬ್ಲೂಟೂತ್ ಇಎಲ್‌ಎಂ327 ಅಡಾಪ್ಟರ್ ಹಾಕಿ ಫೋನಲ್ಲಿ 14 ರೀಡಿಂಗ್ ಸೆಲೆಕ್ಟ್ ಮಾಡಿದ್ರೆ ಬರೋ ಲಾಗ್ ನಂಬೋ ಹಂಗೇ ಇಲ್ಲ. ಸೆಲ್ಫ್ ಹೊಡೆದ ತಕ್ಷಣ ಕನೆಕ್ಷನ್ ಹೋಗುತ್ತೆ, ನಡುವೆ ಹತ್ತಿಪ್ಪತ್ತು ಸೆಕೆಂಡ್ ಖಾಲಿ, ಆರ್‌ಪಿಎಂ ಒಂದೇ ನಂಬರ್ ಸಾಲಾಗಿ ಬರುತ್ತೆ, ಒಂದ್ಸಲ ಅಂತೂ ಕೂಲೆಂಟ್ 215 ಡಿಗ್ರಿ ಅಂತ ತೋರಿಸ್ತು. ಬೇರೆ ಅಡಾಪ್ಟರ್ ತಂದೆ, ಅದೂ ಹಂಗೇ. ಆಪ್‌ನಲ್ಲಿ ಪ್ರೋಟೋಕಾಲ್ (ಇಸಿಯು ಜೊತೆ ಮಾತಾಡೋ ರೀತಿ) ಐಎಸ್‌ಓ 14230 ಅಂತ ಐತೆ. ಒಬ್ರು ಇಸಿಯುನೇ ಹೋಗಿದೆ, ಚೇಂಜ್ ಮಾಡ್ಸಿ ಅಂತಿದಾರೆ. ಏನ್ ಮಾಡ್ಲಿ?

ಉತ್ತರ: ಸರ್, ಮೊದ್ಲು ಒಂದು ಮಾತು, ಇಸಿಯು ಮುಟ್ಟೋಕೆ ಹೋಗ್ಬೇಡಿ. ಗಾಡಿ ಸರಿಯಾಗಿ ಸ್ಟಾರ್ಟ್ ಆಗ್ತೈತೆ, ಐಡಲ್ ಚೆನ್ನಾಗೈತೆ, ಲೈಟ್ ಬಂದಿಲ್ಲ, ಇಷ್ಟಿದ್ದ ಮೇಲೆ ಫೋನಲ್ಲಿ ಲಾಗ್ ಕಟ್ ಆಯ್ತು ಅನ್ನೋ ಒಂದೇ ಕಾರಣಕ್ಕೆ ಇಸಿಯು ಬದ್ಲಾಯಿಸೋದು ದುಡ್ಡು ಹಾಳು. ಮೂರನೇ ಅಡಾಪ್ಟರನ್ನೂ ಈಗ್ಲೇ ತರ್ಬೇಡಿ. ನಿಮ್ಮತ್ರ ಈಗಾಗ್ಲೇ ಇರೋ ಆ ಕೆಟ್ಟ ಲಾಗ್ ಐತಲ್ಲ, ಅದನ್ನ ಡಿಲೀಟ್ ಮಾಡ್ದೆ ಇಟ್ಕೊಳ್ಳಿ. ತೊಂದ್ರೆ ಎಲ್ಲಿದೆ ಅಂತ ಅರ್ಧ ಅದೇ ಹೇಳುತ್ತೆ.

ಒಂದು ರೀಡಿಂಗ್ ಫೈಲಿಗೆ ಬಂದು ಬೀಳೋಕೆ ಮುಂಚೆ ಎಷ್ಟು ಕಡೆ ಹಾಯ್ದು ಬರುತ್ತೆ ನೋಡ್ರಿ. ಇಸಿಯುಯಿಂದ ವೈರ್‌ನಲ್ಲಿ ಸಾಕೆಟ್ಟಿಗೆ, ಸಾಕೆಟ್ಟಿಂದ ಅಡಾಪ್ಟರ್‌ಗೆ, ಅಡಾಪ್ಟರ್ ಒಳಗೆ ಓಬಿಡಿ ಚಿಪ್ಪಿಂದ ಬ್ಲೂಟೂತ್ ಚಿಪ್ಪಿಗೆ, ಅಲ್ಲಿಂದ ಗಾಳಿಲಿ ಫೋನಿಗೆ, ಫೋನಲ್ಲಿ ಆಪ್‌ಗೆ, ಆಪ್‌ನಿಂದ ಫೈಲಿಗೆ. ಇದ್ರಲ್ಲಿ ಎಲ್ಲಿ ಕಟ್ ಆದ್ರೂ ನಿಮ್ಗೆ ಕಾಣೋದು ಒಂದೇ, "ಲಾಗ್ ಕೈ ಕೊಡ್ತು" ಅಂತ. ಆದ್ರೆ ಕಟ್ ಆದ ರೀತಿ ಬೇರೆ ಬೇರೆ ಇರುತ್ತೆ, ಅದನ್ನ ಓದೋದು ಕಲಿತ್ರೆ ಮುಕ್ಕಾಲು ಕೆಲ್ಸ ಮುಗೀತು.

ಲಾಗ್ ಉಳಿದಿರೋ ಸಿಎಸ್‌ವಿ ಫೈಲನ್ನ ಫೋನಲ್ಲೇ ಶೀಟ್‌ನಲ್ಲಿ ತೆಗೀರಿ, ಟೈಮ್ ಕಾಲಂ ನೋಡ್ರಿ. 10:42:07, 10:42:08 ಅಂತ ಬಂದು ಮುಂದಿನ ಸಾಲು ನೇರ 10:42:26ಕ್ಕೆ ಹಾರಿದೆ, ನಡುವೆ ಸಾಲುಗಳೇ ಇಲ್ಲ ಅಂದ್ರೆ ಆ ಹೊತ್ತಲ್ಲಿ ಆಪ್ ಬರೀತಾನೇ ಇರ್ಲಿಲ್ಲ, ಅಂದ್ರೆ ಮೊದಲ ಅನುಮಾನ ಫೋನ್ ಮೇಲೆ. ಅದೇ ಸಾಲುಗಳು ಸೆಕೆಂಡಿಗೊಂದು ಬರ್ತಾನೇ ಇದಾವೆ ಆದ್ರೆ ಆರ್‌ಪಿಎಂ 2143.25, 2143.25, 2143.25 ಅಂತ ಕೂತುಬಿಟ್ಟಿದೆ ಅಂದ್ರೆ ಆಪ್ ಎಚ್ಚರ ಇತ್ತು, ಹೊಸ ಉತ್ತರ ಬಂದಿಲ್ಲ, ಅದು ಹಳೇ ನಂಬರನ್ನೇ ಮತ್ತೆ ಮತ್ತೆ ಬರೆದಿದೆ. ಓಬಿಡಿಲಿ ಆರ್‌ಪಿಎಂ ಬರೋದು ಕಾಲು ಆರ್‌ಪಿಎಂ ಲೆಕ್ಕದಲ್ಲಿ. ಓಡ್ತಿರೋ ಎಂಜಿನ್ನು ಐದಾರು ಸೆಕೆಂಡ್ ಪಾಯಿಂಟ್ ಸಮೇತ ಒಂದೇ ನಂಬರಲ್ಲಿ ನಿಲ್ಲೋ ಸಾಧ್ಯತೆ ಇಲ್ಲ ಅಂತಲೇ ಇಟ್ಕೊಳ್ಳಿ, ಐಡಲ್‌ನಲ್ಲೂ ಅದು ಸ್ವಲ್ಪ ಅಲ್ಲಾಡ್ತಾನೇ ಇರುತ್ತೆ. ಹಂಗಾಗಿ ರಿಪೀಟ್ ಆದ ನಂಬರನ್ನ ಅಳತೆ ಅಂತ ತಿಳ್ಕೋಬೇಡಿ, ಅದು ಖಾಲಿ ಜಾಗ. ಎಷ್ಟೋ ಜನ ಇಲ್ಲೇ ದಾರಿ ತಪ್ಪೋದು, ಗ್ರಾಫ್ ಸಪಾಟಾಗಿ ಕಾಣುತ್ತೆ, "ನೋಡಿ ಆರ್‌ಪಿಎಂ ಏರ್ತಾನೇ ಇಲ್ಲ" ಅಂತ ಟರ್ಬೋ ಬಿಚ್ಚಿಸ್ತಾರೆ.

ಈಗ ಆ 215 ಡಿಗ್ರಿ. ಇದಕ್ಕೆ ಗಾಬರಿ ಬೇಡ. ಕೂಲೆಂಟ್ ಟೆಂಪರೇಚರ್ ಒಂದೇ ಬೈಟ್‌ನಲ್ಲಿ ಬರುತ್ತೆ, 0ಯಿಂದ 255ರ ತನಕ, ಅದ್ರಲ್ಲಿ 40 ಕಳೆದ್ರೆ ಡಿಗ್ರಿ. 255ರಲ್ಲಿ 40 ಹೋದ್ರೆ 215. ಅಂದ್ರೆ ಬೈಟ್ ಪೂರ್ತಿ ತುಂಬಿ ಬಂದಿದೆ, ಟೆಂಪರೇಚರ್ ಏರಿದ್ದಲ್ಲ. ಅದೇ ಥರ -40 ಬಂದ್ರೆ ಬೈಟ್ ಸೊನ್ನೆ, ಸ್ಪೀಡ್ 255 ಬಂದ್ರೂ ಇದೇ ಕಥೆ. 88 ಡಿಗ್ರಿ ಇದ್ದ ನೀರು ಒಂದು ಸೆಕೆಂಡಲ್ಲಿ 215 ಆಗಿ ಮತ್ತೆ 88ಕ್ಕೆ ಬರಲ್ಲ. ಒಂದ್ಸಲ ಬಂದು ಹೋದ್ರೆ ಬಿಟ್ಬಿಡಿ, ಪದೇಪದೇ ಬಂದ್ರೆ ಮಾತ್ರ ಸೆನ್ಸರ್ ಕನೆಕ್ಟರ್ ನೋಡ್ಬೇಕಾಗುತ್ತೆ. ಗಾಡಿ ವೈರಲ್ಲಿ ಬರೋ ಮೆಸೇಜಿಗೆ ಕೊನೇಲಿ ಚೆಕ್‌ಸಂ (ತಪ್ಪು ಹಿಡಿಯೋಕೆ ಸೇರಿಸೋ ಲೆಕ್ಕದ ನಂಬರ್) ಇರುತ್ತೆ, ತಪ್ಪು ಬಂದ್ರೆ ಅಲ್ಲೇ ಗೊತ್ತಾಗ್ಬೇಕು. ಆದ್ರೆ ಅಡಾಪ್ಟರ್ ಒಳಗೆ ಓಬಿಡಿ ಚಿಪ್ಪು ಬ್ಲೂಟೂತ್ ಚಿಪ್ಪಿಗೆ ಕೊಡೋದು ಬರೀ ಅಕ್ಷರಗಳು, ಅದಕ್ಕೆ ಯಾವ ಚೆಕ್ಕೂ ಇಲ್ಲ, ಒಂದಕ್ಷರ ಬಿದ್ದೋದ್ರೆ ಆಪ್‌ಗೆ ತಿಳಿಯೋದೂ ಕಷ್ಟ. ಅಗ್ಗದ ಕಾಪಿ ಅಡಾಪ್ಟರ್‌ಗಳಲ್ಲಿ ಇಂಥ ವಿಚಿತ್ರ ನಂಬರ್ ಜಾಸ್ತಿ. ಅಂದ ಹಾಗೆ ಇಎಲ್‌ಎಂ327 ಅನ್ನೋದು ಕೆನಡಾದ ಇಎಲ್‌ಎಂ ಎಲೆಕ್ಟ್ರಾನಿಕ್ಸ್‌ನವರ ಚಿಪ್ಪು, ಅವ್ರು 2022ರಲ್ಲಿ ಬಾಗಿಲು ಹಾಕಿದ್ರು. ನಿಮ್ಮ ಅಡಾಪ್ಟರ್ "ವರ್ಷನ್ 1.5" ಅಂತ ಹೇಳಿದ್ರೆ ಅದು ಕಾಪಿನೇ, ಯಾಕಂದ್ರೆ ಅವ್ರು 1.5 ಅಂತ ವರ್ಷನ್ನೇ ಬಿಟ್ಟಿರ್ಲಿಲ್ಲ. ಕಾಪಿ ಅಂದ ಮಾತ್ರಕ್ಕೆ ಎಸೀಬೇಡಿ, ಅದ್ರಲ್ಲೂ ಕೆಲ್ಸ ತೆಗೀಬಹುದು, ಮಿತಿ ಗೊತ್ತಿರ್ಬೇಕು ಅಷ್ಟೆ.

ಇನ್ನು ಸೆಲ್ಫ್ ಹೊಡೆದಾಗ ಕಟ್ ಆಗೋದು. ಓಬಿಡಿ ಸಾಕೆಟ್‌ನಲ್ಲಿ 16 ಪಿನ್. 16ನೇದು ಬ್ಯಾಟರಿ ಪ್ಲಸ್, 4 ಬಾಡಿ ಅರ್ಥ್, 5 ಸಿಗ್ನಲ್ ಅರ್ಥ್, ನಿಮ್ಮ ಗಾಡಿ ಐಎಸ್‌ಓ 14230 ಆದ್ರಿಂದ ಮಾತಾಡೋ ವೈರು 7ನೇ ಪಿನ್ನು, ಅದೇ ಕೆ-ಲೈನ್. ಅಡಾಪ್ಟರ್‌ಗೆ ಕರೆಂಟು 16 ಮತ್ತು 4-5ರಿಂದಾನೇ. ಕ್ರ್ಯಾಂಕ್ ಮಾಡೋವಾಗ ಒಳ್ಳೇ ಬ್ಯಾಟರಿನೂ ಹತ್ತು ವೋಲ್ಟ್ ಆಸುಪಾಸಿಗೆ ಇಳಿಯುತ್ತೆ, ಅಡಾಪ್ಟರ್ ಒಳಗೆ ಬೇಕಿರೋದು 5 ವೋಲ್ಟೇ ಆದ್ರಿಂದ ಅಷ್ಟಕ್ಕೆ ಅದು ಸಾಯ್ಬಾರ್ದು. ಸಾಯ್ತಿದೆ ಅಂದ್ರೆ ಮೂರ್ರಲ್ಲಿ ಒಂದು, ಬ್ಯಾಟರಿ ಸೊರಗಿದೆ, ಅರ್ಥ್ ಸರಿ ಇಲ್ಲ, ಇಲ್ಲಾ ಸಾಕೆಟ್ ಪಿನ್ ಲೂಸು. ಎರಡು ಅಡಾಪ್ಟರಲ್ಲೂ ಒಂದೇ ತೊಂದ್ರೆ ಅಂದ್ರಲ್ಲ, ಅದಕ್ಕೇ ನಂಗೆ ಸಾಕೆಟ್ ಮೇಲೇ ಹೆಚ್ಚು ಅನುಮಾನ.

ಮಲ್ಟಿಮೀಟರ್ ಇರೋ ಎಲೆಕ್ಟ್ರಿಷಿಯನ್ ಹತ್ರ ಹೋಗಿ, 16 ಮತ್ತು 4ರ ನಡುವೆ ವೋಲ್ಟೇಜ್ ನೋಡಿಸ್ರಿ. ಎಂಜಿನ್ ಆಫ್ ಇದ್ದಾಗ 12.4-12.6, ಸ್ಟಾರ್ಟ್ ಆದ್ಮೇಲೆ 13.5ರಿಂದ 14.5ರ ಒಳಗೆ ಬರ್ಬೇಕು. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು 4ನೇ ಪಿನ್‌ಗೆ ಇಟ್ಟು ಸೆಲ್ಫ್ ಹೊಡೀರಿ, ಅಲ್ಲಿ ಅರ್ಧ ವೋಲ್ಟ್‌ಗಿಂತ ಜಾಸ್ತಿ ಕಂಡ್ರೆ ಬಾಡಿ ಅರ್ಥ್ ಎಲ್ಲೋ ತುಕ್ಕು ಹಿಡಿದೈತೆ, ಬಿಚ್ಚಿ ಉಜ್ಜಿ ಮತ್ತೆ ಟೈಟ್ ಮಾಡಿಸ್ರಿ. 7ನೇ ಪಿನ್ನು ಕೀ ಆನ್ ಇದ್ದಾಗ ಸುಮ್ನೆ ಕೂತಿದ್ರೆ ಬ್ಯಾಟರಿ ವೋಲ್ಟೇಜ್‌ಗೆ ಹತ್ರ ಇರ್ಬೇಕು, ಸೊನ್ನೆ ಹತ್ರ ಬಿದ್ದಿದ್ರೆ ಯಾವ್ದೋ ಒಂದು ಅದನ್ನ ಅರ್ಥ್‌ಗೆ ಎಳೀತಿದೆ ಅಂತ.

ಇಲ್ಲೊಂದು ಎಚ್ಚರಿಕೆ, ದಯವಿಟ್ಟು ಗಮನ ಕೊಡ್ರಿ. ಮೀಟರಿನ ದಪ್ಪ ಕಡ್ಡಿನ ಸಾಕೆಟ್ ತೂತಿಗೆ ಮುಂದಿನಿಂದ ತುರುಕೋಕೆ ಬಿಡ್ಬೇಡಿ. ಒಳಗಿರೋ ಹಿತ್ತಾಳೆ ಬಾಯಿ ಅಗಲ ಆಗಿಬಿಡುತ್ತೆ, ಆಮೇಲೆ ಯಾವ ಅಡಾಪ್ಟರ್ ಹಾಕಿದ್ರೂ ಹಿಡಿತ ಇಲ್ಲ, ಹಂಪ್ ಹಾರಿದ್ರೆ ಕಟ್, ಮೊಣಕಾಲು ತಾಗಿದ್ರೆ ಕಟ್. ಎಷ್ಟೋ ಗಾಡಿಲಿ ತೊಂದ್ರೆ ಶುರು ಆಗಿರೋದೇ ಹಿಂಗೆ, ಚೆಕ್ ಮಾಡೋಕೆ ಹೋದವ್ರ ಕೈಯಿಂದ. ಸಾಕೆಟ್ಟಿನ ಹಿಂಭಾಗದಿಂದ ವೈರ್ ಪಕ್ಕದಲ್ಲಿ ತೆಳು ಸೂಜಿ ಇಟ್ಟು ನೋಡ್ಬೇಕು. ಟಾರ್ಚ್ ಹಾಕಿ ಸಾಕೆಟ್ ಒಳಗೆ ಬಗ್ಗಿ ನೋಡ್ರಿ, ಉಳಿದ ಬಾಯಿಗಳಿಗಿಂತ 16 ಅಥವಾ 7 ಅಗಲ ಕಂಡ್ರೆ, ಇಲ್ಲಾ ಹಿಂದಕ್ಕೆ ಜರುಗಿ ಒಳಗೆ ಹೋಗಿದ್ರೆ, ನಿಮ್ಮ ಉತ್ತರ ಅಲ್ಲೇ ಸಿಕ್ತು. ಐಡಲ್‌ನಲ್ಲಿ ಲಾಗ್ ಓಡಿಸ್ತಾ ಅಡಾಪ್ಟರನ್ನ ಬೆರಳಲ್ಲಿ ಮೆಲ್ಲಗೆ ಅತ್ತಿತ್ತ ಅಲ್ಲಾಡಿಸಿ, ಲೈಟ್ ಮಿಣುಕಿದ್ರೆ ಅಥವಾ ಕನೆಕ್ಷನ್ ಹೋದ್ರೆ ಬೇರೆ ಪುರಾವೆ ಬೇಡ.

ಈಗ ನಾನು ಎಲ್ರಿಗೂ ಹೇಳೋ ಒಂದು ಉಪಾಯ. ಆಪ್‌ನಲ್ಲಿ "ಅಡಾಪ್ಟರ್ ವೋಲ್ಟೇಜ್" ಅಂತ ಒಂದು ರೀಡಿಂಗ್ ಇರುತ್ತೆ, ಅದನ್ನ ಲಾಗ್‌ಗೆ ಸೇರಿಸ್ರಿ. ಇದು ಇಸಿಯು ಹೇಳೋ ನಂಬರಲ್ಲ, ಎಟಿ ಆರ್‌ವಿ ಅನ್ನೋ ಕಮಾಂಡಿಗೆ ಅಡಾಪ್ಟರ್ ತಾನೇ ಅಳೆದು ಕೊಡೋದು, ಗಾಡಿ ಕಂಪ್ಯೂಟರನ್ನ ಕೇಳೋದೇ ಇಲ್ಲ. ಲಾಗ್ ಕಟ್ ಆದಾಗ ಆರ್‌ಪಿಎಂ ನಿಂತೋಗಿ ಅಡಾಪ್ಟರ್ ವೋಲ್ಟೇಜ್ ಮಾತ್ರ 14.1, 14.0, 14.1 ಅಂತ ಅಲ್ಲಾಡ್ತಾ ಇದ್ರೆ ಫೋನು, ಬ್ಲೂಟೂತು ಎರಡೂ ಸರಿ ಇದಾವೆ, ತೊಂದ್ರೆ ಅಡಾಪ್ಟರ್ ಮತ್ತು ಇಸಿಯು ನಡುವೆ, ಕೆ-ಲೈನ್‌ನಲ್ಲಿ. ಎರಡೂ ಒಟ್ಟಿಗೆ ನಿಂತ್ರೆ ಈ ಕಡೆ, ಅಂದ್ರೆ ಅಡಾಪ್ಟರ್ ಪವರ್, ಬ್ಲೂಟೂತ್, ಇಲ್ಲಾ ಫೋನ್. ನಿಲ್ಲೋಕೆ ಸ್ವಲ್ಪ ಮುಂಚೆ ವೋಲ್ಟೇಜ್ 14ರಿಂದ 11ಕ್ಕೆ ಧೊಪ್ಪಂತ ಬಿದ್ದಿದ್ರೆ ಸಾಕೆಟ್ ಅಥವಾ ಅರ್ಥ್. ಕಾಪಿ ಅಡಾಪ್ಟರ್ ತೋರಿಸೋ ವೋಲ್ಟೇಜ್ ಮೀಟರ್‌ಗಿಂತ ಸ್ವಲ್ಪ ಹೆಚ್ಚುಕಮ್ಮಿ ಇರ್ಬಹುದು, ನಮ್ಗೆ ಬೇಕಿರೋದು ಅದು ಅಲ್ಲಾಡ್ತಾ ಇದೆಯೋ ನಿಂತಿದೆಯೋ ಅಷ್ಟೆ. ಈ ಒಂದು ಕಾಲಂ ಇದ್ರೆ ಅರ್ಧ ದಾರಿ ಲೆಕ್ಕದಿಂದ ತೆಗೆದುಹಾಕ್ಬಹುದು.

ಇಷ್ಟೆಲ್ಲಾ ಸರಿ ಇದ್ರೂ ನೀವು ಮಾಡಿದ ಲಾಗ್ ಕೆಲ್ಸಕ್ಕೆ ಬರ್ತಿರ್ಲಿಲ್ಲ ಸರ್, ಕಾರಣ ಆ 14 ರೀಡಿಂಗು. ಕೆ-ಲೈನ್ ವೇಗ ಸೆಕೆಂಡಿಗೆ 10,400 ಬಿಟ್, ಒಂದು ಬೈಟ್‌ಗೆ ಹೆಚ್ಚುಕಮ್ಮಿ ಒಂದು ಮಿಲಿಸೆಕೆಂಡ್. ಹೊಸ ಗಾಡಿಗಳಲ್ಲಿ ಇದ್ರ ಬದ್ಲು ಇರೋ ಕ್ಯಾನ್ ಅನ್ನೋ ಲೈನ್ 500,000, ಹೋಲಿಕೆನೇ ಇಲ್ಲ. ಅದು ಸಾಲ್ದು ಅಂತ ಕೆ-ಲೈನ್‌ನಲ್ಲಿ ಕಾಯೋ ಟೈಮು ಬೇರೆ. ನೀವು ಕೇಳಿದ ಮೇಲೆ ಇಸಿಯು ಉತ್ತರ ಕೊಡೋಕೆ 25ರಿಂದ 50 ಮಿಲಿಸೆಕೆಂಡ್, ಉತ್ತರ ಬಂದ ಮೇಲೆ ಮುಂದಿನ ಪ್ರಶ್ನೆ ಕೇಳೋಕೆ ಕನಿಷ್ಠ 55 ಮಿಲಿಸೆಕೆಂಡ್ ಬಿಡ್ಬೇಕು. ಇದ್ರ ಮೇಲೆ ಇನ್ನೊಂದು ಉತ್ತರ ಬರ್ಬಹುದೇನೋ ಅಂತ ಅಡಾಪ್ಟರ್ 200 ಮಿಲಿಸೆಕೆಂಡ್ ತನಕ ಕಾಯ್ತಾ ಕೂರುತ್ತೆ. ಎಲ್ಲಾ ಸೇರಿ ಸೆಕೆಂಡಿಗೆ ಮೂರೋ ನಾಕೋ ರೀಡಿಂಗ್, ತುಂಬಾ ಚೆನ್ನಾಗಿ ಸೆಟ್ ಮಾಡಿದ್ರೆ ಆರರ ಹತ್ರ. 14 ಕೇಳಿದ್ರೆ ಆರ್‌ಪಿಎಂ ಸರದಿ ಮತ್ತೆ ಬರೋಕೆ ಮೂರ್ನಾಕು ಸೆಕೆಂಡ್ ಬೇಕು. ನಿಮ್ಮ ಪಿಕಪ್ ಬೀಳೋದು ಒಂದೆರಡು ಸೆಕೆಂಡ್ ಮಾತ್ರ. ಅದು ಬಿದ್ದು ಎದ್ದು ಹೋದ್ರೂ ಲಾಗ್‌ಗೆ ಗೊತ್ತೇ ಆಗಲ್ಲ! ನೀವು ನೋಡಿದ ರಿಪೀಟ್ ನಂಬರ್‌ಗಳಲ್ಲಿ ಮೂರ್ನಾಕು ಸಾಲಿನವು ಬಹುತೇಕ ಇದೇ, ಕೆಟ್ಟಿದ್ದೇನೂ ಇಲ್ಲ, ಸರದಿ ಬಂದಿಲ್ಲ ಅಷ್ಟೆ.

ಇನ್ನೊಂದು, ಆ 14ರಲ್ಲಿ ನಿಮ್ಮ ಇಸಿಯುಗೆ ಗೊತ್ತೇ ಇಲ್ಲದ ರೀಡಿಂಗ್ ಎರಡ್ಮೂರು ಇದ್ರೆ ಅದಕ್ಕೆ ಉತ್ತರ ಬರಲ್ಲ, "ನೋ ಡೇಟಾ" ಬರೋ ತನಕ ಪೂರ್ತಿ ಕಾಯೋ ಟೈಮ್ ದಂಡ. ಫೈಲಲ್ಲಿ ಯಾವ ಕಾಲಂ ಶುರುವಿಂದ ಕೊನೇವರೆಗೂ ಖಾಲಿ ಇದ್ಯೋ ಅದನ್ನ ಮೊದ್ಲು ಕಿತ್ತಾಕಿ. ದುಬಾರಿ ಅಡಾಪ್ಟರ್ ತಂದ್ರೆ ವೇಗ ಬರುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಿಮ್ಮ ಗಾಡಿಗೆ ಅದು ಅಷ್ಟಕ್ಕಷ್ಟೆ, ಸ್ಥಿರವಾಗಿ ಓಡುತ್ತೆ ನಿಜ, ಆದ್ರೆ ಕೆ-ಲೈನ್‌ನ ವೇಗ ಗಾಡಿದು.

ಹತ್ತಿಪ್ಪತ್ತು ಸೆಕೆಂಡಿನ ದೊಡ್ಡ ಗ್ಯಾಪ್‌ಗೂ ಕೆ-ಲೈನ್‌ನಲ್ಲೇ ಒಂದು ಕಾರಣ ಐತೆ. ಐದು ಸೆಕೆಂಡ್ ಏನೂ ಕೇಳ್ದೆ ಇದ್ರೆ ಇಸಿಯು ಸೆಷನ್ ಮುಚ್ಚಿಬಿಡುತ್ತೆ. ಅಸಲಿ ಚಿಪ್ಪು ಹಂಗಾಗ್ದೇ ಇರ್ಲಿ ಅಂತ ಮೂರು ಸೆಕೆಂಡಿಗೊಂದ್ಸಲ ತಾನೇ ಒಂದು ಮೆಸೇಜ್ ಕಳಿಸ್ತಾ ಇರುತ್ತೆ, ಕಾಪಿಗಳಲ್ಲಿ ಎಲ್ಲವೂ ಇದನ್ನ ಸರಿಯಾಗಿ ಮಾಡಲ್ಲ. ಒಂದ್ಸಲ ಮುಚ್ತು ಅಂದ್ರೆ ಮತ್ತೆ ಮೊದಲಿಂದ ಎಬ್ಬಿಸ್ಬೇಕು, ನಿಧಾನದ ಇನಿಷಿಯಲೈಸೇಷನ್ ಆದ್ರೆ ಸೆಕೆಂಡಿಗೆ ಬರೀ ಐದು ಬಿಟ್ ಲೆಕ್ಕದಲ್ಲಿ ಅಡ್ರೆಸ್ ಕಳಿಸೋಕೇ ಎರಡು ಸೆಕೆಂಡ್ ಬೇಕು, ಆಮೇಲೆ ಆಪ್ ಪ್ರೋಟೋಕಾಲ್ ಹುಡುಕೋಕೆ "ಆಟೋ"ದಲ್ಲಿದ್ರೆ ಒಂದೊಂದೇ ಪ್ರಯತ್ನ ಮಾಡ್ತಾ ಹೋಗುತ್ತೆ, ಹತ್ತು ಸೆಕೆಂಡ್ ಅಲ್ಲೇ ಹೋಯ್ತು. ಅದಕ್ಕೆ ಆಪ್ ಸೆಟ್ಟಿಂಗಲ್ಲಿ ಪ್ರೋಟೋಕಾಲನ್ನ ಆಟೋ ಬಿಟ್ಟು ಐಎಸ್‌ಓ 14230ಕ್ಕೆ ಫಿಕ್ಸ್ ಮಾಡಿ. ಅದ್ರಲ್ಲಿ ಫಾಸ್ಟ್ ಇನಿಟ್, ಸ್ಲೋ ಇನಿಟ್ ಅಂತ ಎರಡಿರುತ್ತೆ, ಈಗ ಯಾವ್ದು ಕನೆಕ್ಟ್ ಆಗಿದೆಯೋ ಅದನ್ನೇ ಆರಿಸ್ಕೊಳ್ಳಿ.

ಫೋನ್ ಕಡೆ ಮಾಡೋದು ಕಮ್ಮಿ. ಆ ಆಪ್‌ಗೆ ಬ್ಯಾಟರಿ ಆಪ್ಟಿಮೈಸೇಷನ್ ಆಫ್ ಮಾಡಿ, ಸ್ಕ್ರೀನ್ ಆನ್ ಇರ್ಲಿ, ಲಾಗ್ ಮಾಡೋ ಅರ್ಧ ಗಂಟೆ ಹಾಡು, ಮ್ಯಾಪು, ಸ್ಟೀರಿಯೋ ಬ್ಲೂಟೂತು ಬೇಡ. ಓಬಿಡಿ ಆಪ್ ಎರಡು ಇನ್‌ಸ್ಟಾಲ್ ಮಾಡಿದ್ರೆ ಇನ್ನೊಂದನ್ನ ಫೋರ್ಸ್ ಸ್ಟಾಪ್ ಮಾಡಿ, ಅದು ಹಿಂದಿಂದ ಅಡಾಪ್ಟರ್ ಹಿಡ್ಕೊಂಡು ಕೂತಿರುತ್ತೆ. ನಮ್ಮ ಕಡೆ ಮಾರ್ಚ್-ಏಪ್ರಿಲ್ ಬಿಸಿಲಲ್ಲಿ ಫೋನನ್ನ ಗ್ಲಾಸ್ ಹತ್ರ ಸ್ಟ್ಯಾಂಡಿಗೆ ಹಾಕ್ಬೇಡಿ, ಕಾದುಬಿಟ್ರೆ ಅದು ತಾನೇ ನಿಧಾನ ಆಗುತ್ತೆ, ಎಸಿ ಗಾಳಿ ತಾಗೋ ಕಡೆ ಇಡಿ. ಗಾಡಿಗೆ ಜಿಪಿಎಸ್ ಟ್ರ್ಯಾಕರ್ ಹಾಕ್ಸಿ ಓಬಿಡಿ ಸಾಕೆಟ್ಟಿಗೆ ವೈ ಕೇಬಲ್ ಕೊಟ್ಟಿದ್ರೆ ಅದನ್ನೂ ಸದ್ಯಕ್ಕೆ ಬಿಚ್ಚಿ, ಕೆ-ಲೈನ್‌ನಲ್ಲಿ ಇಬ್ರು ಒಟ್ಟಿಗೆ ಪ್ರಶ್ನೆ ಕೇಳಿದ್ರೆ ಇಬ್ರಿಗೂ ಉತ್ತರ ಸಿಗಲ್ಲ.

ಈಗ ಮತ್ತೆ ಲಾಗ್ ಮಾಡೋಣ. ಮೊದ್ಲು ಗಾಡಿ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ, ಇಂಟೇಕ್ ಮ್ಯಾನಿಫೋಲ್ಡ್ ಪ್ರೆಶರ್ (ಎಂಜಿನ್ನಿಗೆ ಹೋಗೋ ಗಾಳಿಯ ಒತ್ತಡ) ನೋಡಿ. ಎಂಜಿನ್ ನಿಂತಿದ್ದಾಗ ಅದು ತೋರಿಸೋದು ಹೊರಗಿನ ಗಾಳಿ ಒತ್ತಡ. ಚಿತ್ರದುರ್ಗ ಸಮುದ್ರ ಮಟ್ಟದಿಂದ ಏಳುನೂರು ಚಿಲ್ಲರೆ ಮೀಟರ್ ಎತ್ತರ, ದಾವಣಗೆರೆ ಆರುನೂರರ ಹತ್ರ, ಚಿತ್ರದುರ್ಗದಲ್ಲಿ ಸುಮಾರು 93, ದಾವಣಗೆರೆಲಿ 94 ಕಿಲೋಪ್ಯಾಸ್ಕಲ್ ಬರ್ಬೇಕು. ಪುಸ್ತಕದಲ್ಲಿ 101 ಅಂತಿದೆ ಅಂತ ಚಿಂತೆ ಬೇಡ, ಅದು ಸಮುದ್ರ ಮಟ್ಟದ್ದು. 93 ಆಸುಪಾಸು ಬಂತು ಅಂದ್ರೆ ಸೆನ್ಸರ್ರಿಂದ ಫೋನ್ ತನಕ ಎಲ್ಲಾ ಕೊಂಡಿನೂ ಕೂಡಿದೆ ಅಂತ ಒಂದೇ ನಂಬರಲ್ಲಿ ಖಾತ್ರಿ ಆಯ್ತು. 80 ಬಂದ್ರೆ ಸೆನ್ಸರನ್ನೇ ನೋಡ್ಬೇಕು.

ಆಮೇಲೆ ಸ್ಟಾರ್ಟ್ ಮಾಡಿ, ಐಡಲ್‌ಗೆ ಬಂದ ಮೇಲೆ ಆಪ್ ಕನೆಕ್ಟ್ ಮಾಡಿ, ಆರ್‌ಪಿಎಂ ಮತ್ತು ಅಡಾಪ್ಟರ್ ವೋಲ್ಟೇಜ್ ಎರಡನ್ನೇ ಇಟ್ಟು ನೆರಳಲ್ಲಿ ಹತ್ತು ನಿಮಿಷ ಬಿಡಿ. ಗ್ಯಾಪ್ ಇಲ್ಲದೆ ಬಂತಾ, ಮ್ಯಾನಿಫೋಲ್ಡ್ ಪ್ರೆಶರ್ ಮತ್ತು ಫ್ಯೂಯಲ್ ರೈಲ್ ಪ್ರೆಶರ್ (ಇಂಜೆಕ್ಟರ್‌ಗಳಿಗೆ ಹೋಗೋ ಡೀಸೆಲ್‌ನ ಒತ್ತಡ) ಸೇರಿಸಿ ಇನ್ನೊಂದ್ಸಲ ನೋಡಿ. ನಿಂತ ಗಾಡಿಲೇ ಕಟ್ ಆಗ್ತಿದ್ರೆ ಹೈವೇಗೆ ಹೋಗೋದೇ ಬೇಡ, ಮೇಲೆ ಹೇಳಿದ್ದನ್ನ ಮುಗಿಸಿ. ನಿಂತಾಗ ಸರಿ ಇದ್ದು ಓಡುವಾಗ ಕಟ್ ಆದ್ರೆ ಅಲುಗಾಟಕ್ಕೆ ಸಂಬಂಧ ಪಟ್ಟಿದ್ದು, ಸಾಕೆಟ್ಟು ಇಲ್ಲಾ ವೈರು. ರಸ್ತೆಗಿಳಿದಾಗ ಪಕ್ಕದಲ್ಲಿ ಯಾರನ್ನಾದ್ರೂ ಕೂರಿಸ್ಕೊಳ್ಳಿ, ಫೋನ್ ಅವ್ರ ಕೈಲಿರ್ಲಿ. ನೀವು ಓಡಿಸ್ತಾ ಸ್ಕ್ರೀನ್ ನೋಡೋದು ಖಂಡಿತ ಬೇಡ, ಲಾರಿಗಳ ನಡುವೆ ಆ ಹೈವೇಲಿ ಅದು ಜೀವಕ್ಕೇ ಕುತ್ತು. ಪಿಕಪ್ ಬಿದ್ದ ಕ್ಷಣ ನೀವು ಬಾಯಲ್ಲಿ ಹೇಳಿ, ಅವ್ರು ಟೈಮ್ ಬರ್ಕೊಳ್ಳಿ. ಕೆಲ್ಸ ಮುಗಿದ ಮೇಲೆ ಅಡಾಪ್ಟರ್ ಕಿತ್ತಿಡಿ, 16ನೇ ಪಿನ್‌ಗೆ ಕೀ ಆಫ್ ಇದ್ರೂ ಕರೆಂಟ್ ಇರುತ್ತೆ, ನಾಕೈದು ದಿನ ನಿಲ್ಸಿದ್ರೆ ಹಳೇ ಬ್ಯಾಟರಿ ಮಲಗುತ್ತೆ. ಮತ್ತೆ ಆಪ್‌ನಲ್ಲಿರೋ "ಕ್ಲಿಯರ್ ಕೋಡ್" ಬಟನ್ ಮುಟ್ಟಬೇಡಿ, ಮೆಕ್ಯಾನಿಕ್‌ಗೆ ಬೇಕಿರೋ ಪೆಂಡಿಂಗ್ ಕೋಡ್ (ಇನ್ನೂ ಲೈಟ್ ಹತ್ತಿಸದ ಕೋಡ್) ಇದ್ರೆ ಅಳಿಸಿ ಹೋಗುತ್ತೆ.

ಆ ಬರ್ಕೊಂಡ ಟೈಮಿನ ಹಿಂದೆ ಮುಂದೆ ಹತ್ತು ಸೆಕೆಂಡಿನ ಸಾಲುಗಳನ್ನ ಮೆಕ್ಯಾನಿಕ್‌ಗೆ ತೋರ್ಸಿ. ರೈಲ್ ಪ್ರೆಶರ್ ಮೊದ್ಲು ಕುಸಿದಿದ್ರೆ ಡೀಸೆಲ್ ಫಿಲ್ಟರ್, ಪೈಪಲ್ಲಿ ಗಾಳಿ, ಪಂಪು ಈ ಕಡೆಯಿಂದ ಶುರು ಮಾಡ್ತಾರೆ. ರೈಲ್ ಪ್ರೆಶರ್ ನೆಟ್ಟಗಿದ್ದು ಮ್ಯಾನಿಫೋಲ್ಡ್ ಪ್ರೆಶರ್ ಏರೋದೇ ಇಲ್ಲ, 100ರ ಆಸುಪಾಸಲ್ಲೇ ತಡವರಿಸಿ ಆಮೇಲೆ ಏರಿದ್ರೆ ಟರ್ಬೋ ಹೋಸು, ಇಂಟರ್‌ಕೂಲರ್ ಕ್ಲಾಂಪು, ವ್ಯಾಕ್ಯೂಮ್ ಪೈಪು, ಈಜಿಆರ್ (ಸ್ವಲ್ಪ ಹೊಗೆನ ವಾಪಸ್ ಎಂಜಿನ್ನಿಗೆ ಬಿಡೋ ವಾಲ್ವು) ನೋಡ್ತಾರೆ. ಇಸಿಯು ಎಷ್ಟು ಪ್ರೆಶರ್ ಬೇಕು ಅಂತ ಕೇಳಿತ್ತು ಅನ್ನೋದು ಇಂಥ ಹಳೇ ಗಾಡಿಗಳ ಸಾಮಾನ್ಯ ಓಬಿಡಿ ರೀಡಿಂಗ್‌ನಲ್ಲಿ ಸಿಗಲ್ಲ, ಅದಕ್ಕೆ ವರ್ಕ್‌ಶಾಪ್ ಸ್ಕ್ಯಾನರ್ ಬೇಕು, ಆದ್ರೆ ಯಾವ್ದು ಮೊದ್ಲು ಬಿತ್ತು ಅಂತ ನಿಮ್ಮ ಈ ನಾಕು ಕಾಲಂ ಸಾಕು. ಎರಡೂ ನೆಟ್ಟಗಿದ್ದು ಪಿಕಪ್ ಮಾತ್ರ ಬಿದ್ರೆ ಮ್ಯಾನಿಫೋಲ್ಡ್ ಪ್ರೆಶರ್ ತೆಗೆದು ಆಕ್ಸಿಲರೇಟರ್ ಪೆಡಲ್ ಪೊಸಿಷನ್ ಹಾಕಿ ಇನ್ನೊಂದು ಲಾಗ್ ತಗೊಳ್ಳಿ, ಪೆಡಲ್ ಸೆನ್ಸರ್ ಸವೆದಿದ್ರೆ ನೀವು ಒತ್ತಿ ಹಿಡಿದಿರೋವಾಗ್ಲೇ ಆ ನಂಬರ್ ಕೆಳಗೆ ಹಾರಿರೋದು ಕಾಣುತ್ತೆ.